ಮೋಡದೂರಿನ ಮುದಿ ಬಂಡಿ

ಡಾರ್ಜಿಲಿಂಗ್ ಜಿಲ್ಲೆಯ ಮಾನೇಭಂಜಾಂಗ್ ನೇಪಾಳದ ಗಡಿಗೆ ಅಂಟಿಕೊಂಡ ಪುಟ್ಟ ಊರು. ಇಲ್ಲಿಂದ 3,636 ಮೀಟರ್ ಎತ್ತರದ ಸಂದಕ್‌ಫುವಿಗೆ ದಶಕಗಳ ಕಾಲ ಪ್ರವಾಸಿಗರನ್ನು ಹೊತ್ತೊಯ್ದ ಕೀರ್ತಿ 1950ರ ದಶಕದ ಲ್ಯಾಂಡ್ ರೋವರುಗಳದು. ಒಂದು ಕಾಲದಲ್ಲಿ ಚಹಾತೋಟದ ದೊರೆಗಳ ಸೇವೆಯಲ್ಲಿದ್ದ ಬಂಡಿಗಳಿವು.

ಬಹುಕಾಲ ಮೂಲೆಗೆ ಬಿದ್ದ ಇಂಥ ಪಿಕಪ್ಪಿಗೆ ಮರುಜೀವ ಕೊಡುವುದು ತಾಳ್ಮೆಯ ಕಾರ್ಯ. ಯುದ್ಧಾನಂತರ ಇಂಗ್ಲೆಂಡಿನಲ್ಲಿ ಉಕ್ಕಿನ ಅಭಾವವಿದ್ದುದರಿಂದ ಇದರ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿದರು. ಅದಕ್ಕೆ ಉಕ್ಕಿನಂತೆ ತುಕ್ಕಿನ ಭಯವಿಲ್ಲ. ಆದರೆ ಅಡಿಯ ಚಾಸಿ ಉಕ್ಕಿನದೇ! ಮೈಯ ಹೊಳಪಿಗೆ ಮೋಸಹೋಗದೆ, ಕುಶಲನಾದ ಮೆಕ್ಯಾನಿಕ್ ಮೊದಲು ಸುತ್ತಿಗೆಯಿಂದ ಚಾಸಿಯನ್ನು ತಟ್ಟಿ ಅದರ ದನಿ ಕೇಳುತ್ತಾನೆ. ಹಳೆಯ ಪೆಟ್ರೋಲನ್ನೂ ಎಣ್ಣೆಯನ್ನೂ ಬಸಿದು, ಸಿಲಿಂಡರುಗಳಿಗೆ ತುಸು ಹೊಸ ಎಣ್ಣೆ ಬಿಟ್ಟು, ಮುಂದಿನ ಹ್ಯಾಂಡಲಿನಿಂದ ಎಂಜಿನ್ನನ್ನು ಕೈಯಾರೆ ತಿರುಗಿಸುತ್ತಾನೆ. ಅದು ಸಲೀಸಾಗಿ ತಿರುಗಿದ ಮೇಲೆಯೇ ಬ್ಯಾಟರಿಯ ಮಾತು.

ಆದರೂ ಹೊರಡುವ ಅವಸರ ಸಲ್ಲದು. ಬ್ರೇಕಿನ ಒಣಗಿದ ರಬ್ಬರುಗಳನ್ನು ಬದಲಿಸಬೇಕು. ಏರಿದ ಬಂಡಿ ಇಳಿಯಲೇಬೇಕಷ್ಟೆ!

ಮೂಲ ಎಂಜಿನ್ ಸವೆದ ಹಲವು ಬಂಡಿಗಳಿಗೆ ಇಲ್ಲಿ ಮಹೀಂದ್ರ ಡೀಸೆಲ್ ಎಂಜಿನ್ ಕೂಡಿಸಿದ್ದಾರೆ. ಸಂಗ್ರಾಹಕರಿಗೆ ಇದು ಅಪಚಾರವೆನಿಸೀತು. ಮಾನೇಭಂಜಾಂಗಿನ ಚಾಲಕನಿಗಾದರೋ, ಬಂಡಿ ನಿಂತರೆ ಮನೆಯ ಒಲೆಯೂ ಆರಿದಂತೆ. ಹೃದಯ ಬದಲಾದರೇನು, ಬಂಡಿ ಬೆಟ್ಟವೇರಿದರೆ ಅವನಿಗೆ ಸಾಕು.