ತಡೆಹಿಡಿದ ಔಷಧಿ

ಎಚ್.ಐ.ವಿ. ಸೋಂಕುಳ್ಳ ಗರ್ಭಿಣಿಗೆ ಯಾವ ಚಿಕಿತ್ಸೆಯೂ ದೊರೆಯದಿದ್ದರೆ ಗರ್ಭದಲ್ಲಿ, ಪ್ರಸವಕಾಲದಲ್ಲಿ ಅಥವಾ ಎದೆಹಾಲಿನ ಮೂಲಕ ಆಕೆಯ ಶಿಶುವಿಗೆ ಸೋಂಕು ತಗಲುವ ಸಂಭವ ಶೇಕಡಾ 15ರಿಂದ 45ರಷ್ಟಿರುತ್ತದೆ. ಇದನ್ನು ತಗ್ಗಿಸುವ ಸುಲಭೋಪಾಯವೊಂದು 1999ರಲ್ಲಿ ಉಗಾಂಡಾದ ಕಂಪಾಲಾ ನಗರದಲ್ಲಿ ನಡೆದ ಪರೀಕ್ಷೆಯಿಂದ ತಿಳಿದುಬಂದಿತು. ಹೆರಿಗೆನೋವು ಆರಂಭವಾದಾಗ ತಾಯಿಗೆ ನೆವಿರಪಿನ್ ಎಂಬ 200 ಮಿಲಿಗ್ರಾಂ ಮಾತ್ರೆ ಒಂದು. ಜನಿಸಿದ 72 ಗಂಟೆಗಳೊಳಗೆ ಶಿಶುವಿಗೆ ಅದೇ ಔಷಧಿಯ ಒಂದು ಗುಟುಕು. ಅಷ್ಟರಿಂದಲೇ, ಎ.ಜೆಡ್.ಟಿ. ಔಷಧಿಯನ್ನು ಅಲ್ಪಕಾಲ ಪಡೆದವರಿಗೆ ಹೋಲಿಸಿದರೆ, ಸೋಂಕು ಸುಮಾರು ಅರ್ಧಕ್ಕಿಳಿಯಿತು.

ದಕ್ಷಿಣ ಆಫ್ರಿಕಾದಲ್ಲಿ ಆಗ ವರ್ಷಕ್ಕೆ ಸುಮಾರು 70,000 ಶಿಶುಗಳಿಗೆ ತಾಯಿಯಿಂದ ಸೋಂಕು ತಗಲುತ್ತಿತ್ತು. 2000ದ ಜುಲೈನಲ್ಲಿ ತಯಾರಕ ಸಂಸ್ಥೆಯು ಈ ಔಷಧಿಯನ್ನು ಐದು ವರ್ಷ ಉಚಿತವಾಗಿ ಕೊಡಲು ಮುಂದೆ ಬಂದಿತು. ಆದರೂ ಸರ್ಕಾರವು ಒಂಬತ್ತು ಪ್ರಾಂತಗಳಲ್ಲಿ ತಲಾ ಎರಡು ಕೇಂದ್ರಗಳಿಗೆ ಮಾತ್ರ ಅನುಮತಿಯಿತ್ತಿತು. ಉಳಿದ ಸರ್ಕಾರಿ ಆಸ್ಪತ್ರೆಗಳ ವೈದ್ಯರು ಅದನ್ನು ಬರೆದುಕೊಡುವಂತಿರಲಿಲ್ಲ. ಹಣವುಳ್ಳವಳು ಖಾಸಗಿ ವೈದ್ಯರಲ್ಲಿಗೆ ಹೋಗಬಹುದಾಗಿತ್ತು.

ಸರ್ಕಾರದ ವಾದವೆಲ್ಲ ಹುರುಳಿಲ್ಲದ್ದೆನ್ನಲಾಗದು. ವೈರಾಣು ಔಷಧಿಗೆ ಬಗ್ಗದಂತಾದೀತೆಂಬ ಭಯ ನಿಜವಾದುದೇ ಆಗಿತ್ತು. ತಾಯಂದಿರಿಗೆ ಸಲಹೆ ನೀಡುವವರೂ ಬೇಕಿದ್ದರು, ಎದೆಹಾಲಿಗೆ ಬದಲಾಗಿ ಬೇರೆ ಹಾಲಿನ ವ್ಯವಸ್ಥೆಯೂ ಬೇಕಿತ್ತು. ಆದರೆ ಅಧ್ಯಯನ ಮುಗಿಯಲೆಂದು ಹೆರಿಗೆಗಳು ಕಾಯುವುದಿಲ್ಲ. ಕೊರತೆಯ ಕಾಲದಲ್ಲಿ ದಾಸ್ತಾನು ಹೊರತೆಗೆಯದ ವರ್ತಕನನ್ನು ಲೋಕ ಏನೆಂದು ಕರೆಯುತ್ತದೆಂಬುದನ್ನು ಹೇಳಬೇಕಿಲ್ಲ. ಬೆಲೆಯಿಲ್ಲದೆ ದೊರೆಯುತ್ತಿದ್ದುದನ್ನು ತಡೆದವರಿಗೆ ಬೇರೆ ಹೆಸರೇಕೆ? ಕೈಯಾರೆ ನೋಯಿಸಲಿಲ್ಲವೆಂಬ ಸಮಾಧಾನ ಇಲ್ಲಿ ಸಲ್ಲದು. ತಪ್ಪಿಸಬಹುದಾದ ನೋವನ್ನು ಬಲ್ಲವರು ತಪ್ಪಿಸದಿದ್ದರೆ ಅದರ ಭಾರ ಅವರದೇ.

ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಎಂಬ ಸಂಘಟನೆಯು ಮಕ್ಕಳ ವೈದ್ಯರೊಡಗೂಡಿ ನ್ಯಾಯಾಲಯದ ಮೊರೆಹೊಕ್ಕಿತು. 2002ರ ಜುಲೈ 5ರಂದು ಆ ದೇಶದ ಸಂವಿಧಾನ ನ್ಯಾಯಾಲಯವು ನಿರ್ಬಂಧವನ್ನು ವಿಳಂಬವಿಲ್ಲದೆ ತೆಗೆಯಬೇಕೆಂದು ಆಜ್ಞಾಪಿಸಿತು. ಆರೋಗ್ಯಸೇವೆಯನ್ನು ಪಡೆಯುವ ಹಕ್ಕು ಆ ಸಂವಿಧಾನದಲ್ಲೇ ಬರೆದಿತ್ತು.

ಆ ಒಂದೇ ಮಾತ್ರೆಯ ಪದ್ಧತಿ ಈಗ ಹಿಂದೆ ಸರಿದಿದೆ. ಸೋಂಕುಳ್ಳ ಗರ್ಭಿಣಿಗೆ ಹಲವು ಔಷಧಿಗಳನ್ನೊಳಗೊಂಡ ಚಿಕಿತ್ಸೆಯನ್ನು ಆರಂಭಿಸಿ ಜೀವನಪರ್ಯಂತ ಮುಂದುವರಿಸುತ್ತಾರೆ. ಶಿಶುವಿಗೂ ಕೆಲವು ವಾರ ಔಷಧಿಯುಂಟು. ಕ್ರಮ ತಪ್ಪದಿದ್ದರೆ ಸೋಂಕಿನ ಸಂಭವ ಶೇಕಡಾ 5ಕ್ಕಿಂತ ಕಡಿಮೆ. ಭಾರತದ ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಈ ಮಾತ್ರೆಗಳಿಗೆ ಹಣ ಕೊಡಬೇಕಿಲ್ಲ. ಆದರೆ ಗರ್ಭ ನಿಂತ ಮೊದಲ ತಿಂಗಳುಗಳಲ್ಲೇ ರಕ್ತಪರೀಕ್ಷೆಯಾಗಬೇಕು. ಫಲಿತಾಂಶ ತಿಳಿದ ಸೊಸೆಯನ್ನು ತವರಿಗೆ ಅಟ್ಟುವ ಮನೆಗಳಿರುವಲ್ಲಿ ಅವಳು ಪರೀಕ್ಷೆಗೇ ಅಂಜುತ್ತಾಳೆ.