ಚುಕ್ಕಿ ಬಟ್ಟೆಯ ಬಾಕಿ

ಕಳೆದ ಚಳಿಗಾಲ ಮೊಮ್ಮಗಳೊಂದಿಗೆ ರಾಯಚೂರಿನಿಂದ ಮಾನ್ವಿ ಮೇಲೆ ದೇವದುರ್ಗಕ್ಕೆ, ತಂಗಿಯ ಮನೆಗೆ ಹೊರಟೆ. ಅವಳ ಫ್ರಾಕಿನ ತುಂಬ ಬಿಳಿ ಚುಕ್ಕಿ.

"ಇದು ಪೋಲ್ಕಾ ಡಾಟ್, ತಾತ."

ನನಗೆ ನಗು ಬಂತು. ನಮ್ಮ ಕಡೆ ಪೋಲ್ಕ ಅಂದರೆ ಕುಪ್ಪಸ! ಬಸ್ಸಿನಲ್ಲಿ ಕಥೆ ಹೇಳಿದೆ. ಬೊಹೆಮಿಯಾದ ಪೋಲ್ಕಾ ಎಂಬ ಕುಣಿತ 1840ರ ದಶಕದಲ್ಲಿ ಯುರೋಪನ್ನೆಲ್ಲ ಕುಣಿಸಿತು. ವ್ಯಾಪಾರಿಗಳು ಕಂಡಕಂಡ ಸಾಮಾನಿಗೆ ಆ ಹೆಸರಿಟ್ಟರು. ಚುಕ್ಕಿ ಬಟ್ಟೆಗೆ ಅದು ಅಂಟಿಕೊಂಡಿತು. ನಮ್ಮ ದೇಶದಲ್ಲಿ ಅದಕ್ಕೂ ಎಷ್ಟೋ ಮೊದಲೇ ಬಟ್ಟೆಯನ್ನು ಚಿವುಟಿ, ದಾರ ಬಿಗಿದು, ಬಣ್ಣಕ್ಕೆ ಅದ್ದಿ ಬಾಂಧಣಿ ಚುಕ್ಕಿ ಮೂಡಿಸುತ್ತಿದ್ದರು. 1973ರಲ್ಲಿ ರಾಜ್ ಕಪೂರರ 'ಬಾಬಿ' ಸಿನಿಮಾದಲ್ಲಿ ಡಿಂಪಲ್ ಕಪಾಡಿಯಾ ಚುಕ್ಕಿ ಕುಪ್ಪಸ ತೊಟ್ಟರು. ಆ ಬಟ್ಟೆಗೆ 'ಬಾಬಿ ಪ್ರಿಂಟ್' ಎಂದೇ ಹೆಸರಾಯಿತು.

ಆಗ ತಂಗಿಯೂ ಒಂದು ಪೋಲ್ಕಕ್ಕೆ ಆಸೆಪಟ್ಟಿದ್ದಳು. "ಸಿನಿಮಾದವರ ಅರಿವಿ ನಮಗ್ಯಾಕ?" ಎಂದು ಗದರಿದ್ದೆ. ಅವಳು ಮತ್ತೆ ಕೇಳಲಿಲ್ಲ.

ಜಗನ್ನಾಥದಾಸರ ಊರಾದ ಮಾನ್ವಿ ದಾಟಿದೆವು. ಎರೆಹೊಲದಲ್ಲಿ ಹತ್ತಿ ಒಡೆದಿತ್ತು. "ತಾತ, ಹೊಲಕ್ಕೂ ಬಾಬಿ ಪ್ರಿಂಟ್!" ಎಂದು ಮೊಮ್ಮಗಳು ಕೂಗಿದಳು.

ದೇವದುರ್ಗದಲ್ಲಿ ತಂಗಿಯ ಕೈಗೆ ಪೊಟ್ಟಣ ಕೊಟ್ಟೆ. ರಾಯಚೂರಿನಲ್ಲಿ ಕೊಂಡ ಎರಡು ಮೀಟರ್ ಚುಕ್ಕಿ ಬಟ್ಟೆ. ಸುಮ್ಮನೆ ಅದನ್ನು ಸವರಿದಳು. ಆಮೇಲೆ ಕಣ್ಣೊರೆಸಿಕೊಂಡು, "ಅಸಲು ಬಂತು. ಐವತ್ತು ವರ್ಷದ ಬಡ್ಡಿ ಎಲ್ಲಿ ಅಣ್ಣಾ? ಬ್ಯಾಂಕಿನಾಗ ಇದ್ದಿಯಲ್ಲ, ನೀನೇ ಲೆಕ್ಕ ಹಾಕು!" ಎಂದಳು.

ಲೆಕ್ಕ ನನಗೆ ಹತ್ತಲಿಲ್ಲ. ಅವಳೇ ಬಟ್ಟೆಯನ್ನು ಎರಡು ಪಾಲು ಮಾಡಿದಳು: ತನಗೊಂದು ಪೋಲ್ಕ, ನನ್ನ ಮೊಮ್ಮಗಳಿಗೊಂದು.