ಹಾಕ್ಸನ್ ಗ್ರಾಮದ ನಿಕ್ಷೇಪ

ಇಂಗ್ಲೆಂಡಿನ ಪೂರ್ವಭಾಗದ ಸಫೋಕ್ ಪ್ರಾಂತದಲ್ಲಿ, ಉತ್ತರದ ಎಲ್ಲೆಗೆ ಸಮೀಪವಾಗಿ, ಹಾಕ್ಸನ್ ಎಂಬ ಸಣ್ಣ ಗ್ರಾಮವುಂಟು. ಉತ್ತ ಹೊಲಗಳು, ಬೇಲಿಸಾಲುಗಳು, ಪುರಾತನವಾದ ಒಂದು ಇಗರ್ಜಿ. ಇವನ್ನು ಬಿಟ್ಟರೆ ದೂರದಿಂದ ಬಂದವರನ್ನು ತಡೆದು ನಿಲ್ಲಿಸತಕ್ಕ ವಸ್ತು ಅಲ್ಲಿ ಮೇಲ್ನೋಟಕ್ಕೆ ಕಾಣದು. ನಾವು ಅಲ್ಲಿಗೆ ಹೋದುದು ಒಂದು ಸುತ್ತಿಗೆಯ ವೃತ್ತಾಂತವನ್ನು ಕೇಳಿ.

1992ನೆಯ ಇಸವಿ ನವೆಂಬರ್ 16ರಂದು, ಹೊಲದಲ್ಲಿ ಕಳೆದುಹೋಗಿದ್ದ ರೈತನೊಬ್ಬನ ಸುತ್ತಿಗೆಯನ್ನು ಹುಡುಕಿಕೊಡಲು ಅವನ ಮಿತ್ರನು ಲೋಹಶೋಧಕ ಯಂತ್ರವನ್ನು ಹಿಡಿದು ಬಂದನು. ಯಂತ್ರವು ದನಿಗೊಟ್ಟೆಡೆಯಲ್ಲಿ ಅಗೆಯಲು, ಬೆಳ್ಳಿಯ ಚಮಚಗಳೂ ಚಿನ್ನದ ನಾಣ್ಯಗಳೂ ಬಂದವು. ಕೆಲವನ್ನು ತೆಗೆದಮೇಲೆ ಆತನು ಅಗೆಯುವುದನ್ನು ನಿಲ್ಲಿಸಿ, ಭೂಮಿಯ ಒಡೆತನವುಳ್ಳ ಪ್ರಾಂತ ಮಂಡಲಿಗೂ ಪೋಲೀಸರಿಗೂ ವರ್ತಮಾನ ಕೊಟ್ಟನು. ಮರುದಿನವೇ ಪುರಾತತ್ತ್ವಜ್ಞರು ಬಂದು ಉಳಿದುದನ್ನು ಕ್ರಮವಾಗಿ ಎತ್ತಿದರು. ಕ್ರಿ.ಶ. ಐದನೆಯ ಶತಮಾನದ ಆದಿಯಲ್ಲಿ, ಬ್ರಿಟನ್ನಿನಲ್ಲಿ ರೋಮನರ ಆಳಿಕೆ ಕೊನೆಗಾಣುತ್ತಿದ್ದಾಗ, ಯಾರೋ ಸಿರಿವಂತರು ಹೂಳಿಟ್ಟಿದ್ದ ಸುಮಾರು 15,000 ನಾಣ್ಯಗಳೂ 200ರಷ್ಟು ಒಡವೆ ವಸ್ತುಗಳೂ ಬೆಳಕಿಗೆ ಬಂದವು. ಸುತ್ತಿಗೆಯೂ ಸಿಕ್ಕಿತು! ಬೆಲೆಯಾಗಿ ಕೊಟ್ಟ 17 ಲಕ್ಷ 50 ಸಾವಿರ ಪೌಂಡುಗಳನ್ನು ಆತನು ರೈತನೊಡನೆ ಹಂಚಿಕೊಂಡನು.

ಆತನು ಕೈ ತಡೆಯದೆ ಎಲ್ಲವನ್ನೂ ಬಾಚಿದ್ದರೆ ಚಿನ್ನವೇನೋ ಅಷ್ಟೇ ಇರುತ್ತಿತ್ತು. ಆದರೆ ಓಕ್ ಮರದ ಪೆಟ್ಟಿಗೆಯೊಳಗೆ ಸಣ್ಣ ಪೆಟ್ಟಿಗೆಗಳಿದ್ದುವೆಂಬುದಾಗಲಿ, ಒಂದರ ಮೇಲೊಂದಿಟ್ಟ ಬಟ್ಟಲುಗಳ ನಡುವೆ ಒಣಹುಲ್ಲನ್ನು ಹಾಕಿದ್ದರೆಂಬುದಾಗಲಿ ತಿಳಿಯುತ್ತಿರಲಿಲ್ಲ. ಮರವು ಕೊಳೆತು ಮಣ್ಣಾಗಿತ್ತು. ವಸ್ತುಗಳು ಇದ್ದ ಸ್ಥಾನವೇ ಸಾಕ್ಷಿ. ಬಟ್ಟಲುಗಳು ಸವೆಯದಂತೆ ಹುಲ್ಲಿಟ್ಟವಳು ಆ ಮನೆಯ ಗೃಹಿಣಿಯೋ, ದಾಸಿಯೋ. ಮತ್ತೆ ಬಂದು ತೆಗೆಯುವೆವೆಂಬ ಆಶೆಯಿಂದಲೇ ಕಟ್ಟಿರಬೇಕು. ಯಾರೂ ಬರಲಿಲ್ಲ.

ಈ ಶೋಧನೆಯಲ್ಲಿ ಪಳಗಿದ ವೃದ್ಧರೊಬ್ಬರು ನಮಗೆ ತಮ್ಮ ಯಂತ್ರವನ್ನು ತೋರಿಸಿದರು. ಉದ್ದವಾದ ಕೋಲಿನ ತುದಿಯಲ್ಲಿ ತಂತಿ ಸುತ್ತಿದ ಬಳೆ; ಅದರಲ್ಲಿ ವಿದ್ಯುತ್ತು ಹರಿದಾಗ ಹುಟ್ಟುವ ಕಾಂತಕ್ಷೇತ್ರವು ಮಣ್ಣಿನೊಳಗಿನ ಲೋಹದಲ್ಲಿಯೂ ವಿದ್ಯುತ್ತನ್ನೆಬ್ಬಿಸುತ್ತದೆ; ಅದನ್ನರಿತು ಯಂತ್ರವು ಕೂಗುತ್ತದೆ. ಕಡಲ ತೀರದಿಂದ ಬಂದೊಡನೆ ಅವರು ಬಳೆಯನ್ನು ಸಿಹಿನೀರಿನಲ್ಲಿ ತೊಳೆದು, ಅದರ ಮುಚ್ಚಳದೊಳಗೆ ಸೇರಿದ ಮರಳನ್ನು ತೆಗೆದು ಒರಸುವರು. ಮಳೆಯಲ್ಲಿ ಗುಂಡಿಗಳಿರುವ ಪೆಟ್ಟಿಗೆಗೆ ಹೊದಿಕೆ. ಬಹುದಿನ ಎತ್ತಿಡುವಾಗ ಬ್ಯಾಟರಿಗಳು ಹೊರಗೆ. ಯಂತ್ರಕ್ಕೆ ಇಷ್ಟೊಂದು ಶುಶ್ರೂಷೆ ಮಾಡುವವರು ಸಿಕ್ಕಿದ ನಾಣ್ಯವನ್ನು ಮಾತ್ರ ಉಜ್ಜುವುದೇ ಇಲ್ಲ! ಉಜ್ಜಿದರೆ ಅಕ್ಷರಗಳು ಹೋಗುವುವಂತೆ. ಹೊಲದೊಡೆಯನ ಅನುಮತಿಯಿಲ್ಲದೆ ಕಾಲಿಡರು. ಅಗೆದ ಗುಂಡಿಯನ್ನು ಹುಲ್ಲುಹೆಂಟೆಸಹಿತ ಮುಚ್ಚುವರು. ನೇಗಿಲು ಕಲಕಿದ ಮಣ್ಣಿಗಿಂತ ಆಳಕ್ಕೆ ಹೋಗರು. ಸಂರಕ್ಷಿತ ಸ್ಮಾರಕಗಳಲ್ಲಿ ಅಪ್ಪಣೆಯಿಲ್ಲದೆ ಯಂತ್ರವನ್ನಾಡಿಸುವುದು 1979ರ ಕಾಯಿದೆಯ ಪ್ರಕಾರ ಅಪರಾಧ. ನಿಧಿಯೆನಿಸತಕ್ಕುದು ದೊರೆತರೆ, 1996ರ ಕಾಯಿದೆಯಂತೆ, 14 ದಿನಗಳೊಳಗೆ ಕೊರೋನರ್ ಎಂಬ ಅಧಿಕಾರಿಗೆ ತಿಳಿಸತಕ್ಕದ್ದು.

ನಮ್ಮ ಶಾಸನಗಳಲ್ಲಿ ಭೂದಾನದೊಡನೆ ಕೊಡುವ ಅಷ್ಟಭೋಗಗಳಲ್ಲಿ ನಿಧಿಯೂ ನಿಕ್ಷೇಪವೂ ಸೇರಿವೆ. ಅಂದರೆ ನೆಲದೊಳಗಿನ ಹೊನ್ನಿನ ಚಿಂತೆ ನಮ್ಮ ಹಿರಿಯರಿಗೂ ಇತ್ತು. ಈಗ ಕರ್ನಾಟಕದಲ್ಲಿ 1962ರ ನಿಧಿ ಕಾಯಿದೆಯುಂಟು. ಆದರೂ ಕತ್ತಲಲ್ಲಿ ಹಾಳುಗುಡಿಯ ಲಿಂಗವನ್ನು ಕಿತ್ತು ಪೀಠವನ್ನಗೆಯುವ ನಿಧಿಗಳ್ಳರ ವಾರ್ತೆ ಪತ್ರಿಕೆಗಳಲ್ಲಿ ನಿಂತಿಲ್ಲ. ದೊರೆಯುವುದು ಬಹುಮಟ್ಟಿಗೆ ಬರಿಯ ಮಣ್ಣು, ಗುಡಿಯಂತೂ ಹೋಯಿತು.

ಹಾಕ್ಸನ್ನಿನ ನಿಕ್ಷೇಪವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಯೂಲಿಯಾನೆ ಎಂಬ ಯಜಮಾನಿಗೆ ಶುಭವನ್ನು ಕೋರುವ ಅಕ್ಷರಗಳುಳ್ಳ ಬಂಗಾರದ ಬಳೆಯೊಂದಿದೆ. ನಾವು ಬಹುಕಾಲ ನಿಂತುದು, ಸ್ತ್ರೀಯ ಅರ್ಧಪ್ರತಿಮೆಯ ಆಕಾರದ ಬೆಳ್ಳಿಯ ಮೆಣಸಿನ ಪಾತ್ರೆಯ ಮುಂದೆ. ಆ ಮೆಣಸು ಅಲ್ಲಿಯದಲ್ಲ. ನಮ್ಮ ಪಡುವಣ ಕರಾವಳಿಯಿಂದ ಹಡಗೇರಿ ಹೋಗುತ್ತಿದ್ದ ಪದಾರ್ಥ. ಸಂಸ್ಕೃತದ ಪಿಪ್ಪಲೀ ಶಬ್ದವೇ ಗ್ರೀಕರಲ್ಲಿ ಪೆಪೆರಿ, ರೋಮನರಲ್ಲಿ ಪಿಪೆರ್ ಆಗಿ ಅದರೊಡನೆ ಹೋಯಿತು. ಪಾತ್ರೆಯ ತಳದಲ್ಲಿ ಒಂದು ಬಿಲ್ಲೆಯಿದೆ. ಒಂದು ಕಡೆ ತಿರುಗಿಸಿದರೆ ಪುಡಿ ತುಂಬಬಹುದು, ಇನ್ನೊಂದು ಕಡೆಗೆ ಉದುರಿಸಬಹುದು, ಮತ್ತೊಂದು ಕಡೆಗೆ ಬಿಗಿಯಾಗಿ ಮುಚ್ಚಬಹುದು.